ಸದಸ್ಯರಿಗೆ ಮಾತ್ರ

ಲೈಬ್ರರಿಯ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಹೊಲಿಗೆ ಮೆಷಿನ್ ಹಾಕಿಕೊಂಡಿದ್ದ ಹೆಂಗಸನ್ನು ಬೀದಿಯವರೆಲ್ಲ ಸೂಜಿಯಕ್ಕ ಎನ್ನುತ್ತಿದ್ದರು. ಅದು ಕಸುಬಿನಿಂದ ಬಂದ ಹೆಸರು ಎಂದು ಅವಳು ಹೇಳಿಕೊಳ್ಳುತ್ತಿದ್ದಳು, ಬಾಯಿಂದ ಬಂದದ್ದು ಎಂದು ಉಳಿದವರು. ಹರಿದ ಜೇಬು, ಕೆಟ್ಟ ಜಿಪ್, ನೆಲ ಗುಡಿಸುವ ಪ್ಯಾಂಟು, ಕಿತ್ತುಹೋದ ಚೀಲ ಅವಳ ಕೈಗೆ ಬರುತ್ತಿದ್ದವು. ಹೊಸ ಬಟ್ಟೆ ಮುಟ್ಟುತ್ತಿರಲಿಲ್ಲ.

ಪಕ್ಕದಲ್ಲೇ ಅವಳ ನಾದಿನಿ ತರಕಾರಿ ಹರಡಿಕೊಂಡು ಕೂರುತ್ತಿದ್ದಳು. ಗಂಡ ಸತ್ತ ಮೇಲೆ ಸೂಜಿಯಕ್ಕನಿಗೆ ಸಂಸಾರ ಅಂತ ಉಳಿದದ್ದು ಗಂಡನ ಈ ತಂಗಿಯೊಬ್ಬಳೇ. ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಇಬ್ಬರ ವಾಸ. ಗಿರಣಿ ಓಡುವಾಗ ಗೂಡಿನಲ್ಲಿದ್ದ ತಟ್ಟೆ ಲೋಟ ಗಡಗಡ ನಡುಗುತ್ತಿದ್ದವು. ನಾದಿನಿ ಬಾಯಿ ಸತ್ತವಳು. ಗಿರಾಕಿ ಅರ್ಧ ಬುಟ್ಟಿ ಕೆದಕಿ, ಮೂಗು ಮುರಿದು ಹೋದರೂ “ಆಯ್ತಣ್ಣ” ಎನ್ನುವವಳು. ಅವಳ ಪಾಲಿನ ಕೋಪವನ್ನೂ ಅತ್ತಿಗೆಯೇ ಮಾಡಿ ಮುಗಿಸುತ್ತಿದ್ದಳು.

ಆ ಬೀದಿಯಲ್ಲಿ ಹೆಂಗಸರು ಹೋಗಬಹುದಾದ ಶೌಚಾಲಯ ಒಂದೇ ಇತ್ತು. ಅದು ಲೈಬ್ರರಿಯ ಹಿತ್ತಲಲ್ಲಿತ್ತು. ಹಳೆಯ ಲೈಬ್ರೇರಿಯನ್ ಹಿಂದಿನ ಗೇಟನ್ನು ಎಂದೂ ಮುಚ್ಚುತ್ತಿರಲಿಲ್ಲ. ಗೋಡೆಯುದ್ದಕ್ಕೂ ಸಾಲಾಗಿ ವ್ಯಾಪಾರಕ್ಕೆ ಕೂರುವ ಹೆಂಗಸರು ಹೋಗುತ್ತಿದ್ದರು, ಬರುತ್ತಿದ್ದರು, ಹೋದವರು ಎರಡು ಬಕೆಟ್ ನೀರು ಹೊಯ್ದೇ ಬರುತ್ತಿದ್ದರು. ಅದೊಂದು ದೊಡ್ಡ ವಿಷಯ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಲೈಬ್ರೇರಿಯನ್ ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಸೂಪರ್‌ವೈಸರ್ ಒಬ್ಬ ಬಂದ. ಕೆಟ್ಟವನೇನಲ್ಲ. ಧೂಳು ಹೊಡೆಸಿದ, ಗೋಡೆಗೆ ಬಣ್ಣ ಬಳಿಸಿದ, ಕಪಾಟುಗಳಿಗೆ ನಂಬರ್ ಬರೆಸಿದ. ಒಂದು ಸೋಮವಾರ ಹಿಂದಿನ ಗೇಟಿಗೆ ಬೀಗ ಬಿತ್ತು. ಮೇಲೊಂದು ಬೋರ್ಡು: ಸದಸ್ಯರಿಗೆ ಮಾತ್ರ.

ಸೂಜಿಯಕ್ಕ ಕತ್ತರಿ ಕೆಳಗಿಟ್ಟು ಒಳಗೆ ಹೋದಳು.

“ಸಾರ್, ಹಿಂದ್ಗಡೆ ಬೀಗ ಯಾಕೆ?”

“ಇದು ಲೈಬ್ರರಿ ಅಮ್ಮ, ಬಸ್ ಸ್ಟ್ಯಾಂಡ್ ಅಲ್ಲ. ಓದೋರು ಬರೋ ಜಾಗ.”

“ಓದೋರಿಗೆ ಮಾತ್ರ ಅವಸರ ಆಗುತ್ತಾ?”

ಯಾರೋ ಕಿಸಕ್ಕನೆ ನಕ್ಕರು. ಸೂಜಿಯಕ್ಕ ತಿರುಗಿ ನೋಡಿದಳು. ದಿನಾ ಬಂದು ಕೂರುವ ಗಂಡಸರೆಲ್ಲ ಇದ್ದರು. ಅವರಲ್ಲಿ ಯಾರ ಪ್ಯಾಂಟಿನ ಅಂಚು ಮಡಿಚಿದ್ದು, ಯಾರ ಕಾಲರ್ ತಿರುಗಿಸಿ ಹೊಲಿದದ್ದು ಎಲ್ಲವೂ ಅವಳಿಗೆ ಗೊತ್ತಿತ್ತು. ಅವಳ ಕಣ್ಣು ಬಿದ್ದೊಡನೆ ಒಂದೊಂದೇ ಮುಖ ಪತ್ರಿಕೆಯ ಹಿಂದೆ ಹೋಯಿತು. ಬೀಗ ಹಾಕಿದವನಿಗಿಂತ ಅವರ ಮೇಲೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ಅಂದಿನಿಂದ ನಾದಿನಿ ನೀರು ಕುಡಿಯುವುದನ್ನೇ ಬಿಟ್ಟಳು. ಯಾರಿಗೂ ಹೇಳಲಿಲ್ಲ. ಬಿಸಿಲಿನಲ್ಲಿ ಒಣನಾಲಿಗೆಯಲ್ಲೇ ತೂಕ ಮಾಡಿ ಕೊಡುತ್ತಿದ್ದಳು. ಬೇಸಿಗೆ ಮುಗಿಯುವ ಮೊದಲೇ ಚಳಿಜ್ವರ ಬಂತು, ಸೊಂಟ ಹಿಡಿದು ಬಗ್ಗಿದವಳಿಗೆ ಏಳಲಾಗಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರೆ, ಡಾಕ್ಟರು ಮೂತ್ರಪಿಂಡಕ್ಕೆ ಸೋಂಕು ಹತ್ತಿದೆ ಎಂದು ಹೇಳಿ ಬೈದರು.

“ನೀರು ಕುಡೀಬೇಕು ಅಂತ ಇಷ್ಟೂ ಗೊತ್ತಾಗಲ್ವಾ ನಿಮ್ಗೆ?”

“ಗೊತ್ತಾಗುತ್ತೆ ಡಾಕ್ಟ್ರೇ. ಕುಡಿದ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಒಂದು ಚೀಟಿ ಬರ್ಕೊಡಿ” ಎಂದಳು ಸೂಜಿಯಕ್ಕ.

“ಸುಮ್ನಿರಿ ಅತ್ತಿಗೆ” ಎಂದು ಹಾಸಿಗೆಯಿಂದ ಕ್ಷೀಣವಾದ ದನಿ ಬಂತು. ಸೂಜಿಯಕ್ಕನಿಗೆ ಅದೇ ಸಹಿಸಲಾಗಲಿಲ್ಲ. ಸುಮ್ಮನಿದ್ದೂ ಇದ್ದೂ ಈ ಹಾಸಿಗೆ ಸೇರಿದವಳು ಇನ್ನೂ ಸುಮ್ಮನಿರಿ ಎನ್ನುತ್ತಿದ್ದಾಳೆ. ವರಾಂಡಕ್ಕೆ ಬಂದು ಕಿಟಕಿಯ ಸರಳು ಹಿಡಿದು ನಿಂತಳು.

ಮರುದಿನ ಮತ್ತೆ ಲೈಬ್ರರಿಗೆ ಹೋದಳು. “ಸದಸ್ಯರಾಗೋಕೆ ಏನ್ ಬೇಕು ಸಾರ್?”

ಸೂಪರ್‌ವೈಸರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಈಗಾಗ್ಲೇ ಸದಸ್ಯರಾಗಿರೋರು ಒಬ್ರು ಜಾಮೀನು ಸಹಿ ಹಾಕ್ಬೇಕು. ಹಾಕ್ತಾರಾ ಯಾರಾದ್ರೂ?”

ಅವಳು ಓದುವ ಮೇಜಿನ ಕಡೆ ತಿರುಗಿದಳು. ಪತ್ರಿಕೆಯ ಹಾಳೆಗಳು ಮಗುಚಿದವು, ಯಾರೂ ಏಳಲಿಲ್ಲ.

ಅಂದಿನಿಂದ ಆ ಮೇಜಿನವರ ಬಟ್ಟೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿದಳು. ಯಾರಾದರೂ ಪ್ಯಾಂಟು ಹಿಡಿದು ಬಂದರೆ “ಸದಸ್ಯರಿಗೆ ಹೊಲಿಯಲ್ಲ” ಎಂದು ಮುಖ ತಿರುಗಿಸುತ್ತಿದ್ದಳು. ಬೇರೆ ರಿಪೇರಿಯವನು ಬೇಕೆಂದರೆ ರೈಲ್ವೆ ಗೇಟು ದಾಟಿ ಹೋಗಬೇಕಿತ್ತು. ಕಡೆಗೆ ಆ ಮೇಜಿನವರಲ್ಲೇ ಒಬ್ಬ ನಿವೃತ್ತ ಮೇಷ್ಟ್ರು ಬಾಯಿ ಬಿಟ್ಟುಕೊಂಡ ಚೀಲ ಹಿಡಿದು ಬಂದರು. ಅವಳು ಏನನ್ನೂ ಕೇಳುವ ಮೊದಲೇ, “ಅವತ್ತು ನಾನು ಏಳ್ಬೇಕಿತ್ತಮ್ಮ. ನಡಿ, ಸಹಿ ಹಾಕ್ತೀನಿ” ಎಂದರು.

“ಒಂದಲ್ಲ ಮೇಷ್ಟ್ರೇ, ಈ ಸಾಲಿನಲ್ಲಿ ಕೂತಿರೋ ಅಷ್ಟೂ ಹೆಂಗಸರಿಗೆ.”

ಮೇಷ್ಟ್ರು ಸಾಲನ್ನೊಮ್ಮೆ ನೋಡಿದರು. ಹೂಂ ಎಂದರು.

ಕಾರ್ಡು ಬಂದ ಮೇಲೆ ಸೂಪರ್‌ವೈಸರ್ ಇನ್ನೊಂದು ಗಂಟು ಹಾಕಿದ. ಪುಸ್ತಕ ತೆಗೆದುಕೊಂಡವರಿಗೆ ಮಾತ್ರ ಕೀಲಿಯಂತೆ. ಸರಿ, ಹೆಂಗಸರು ಪುಸ್ತಕ ತೆಗೆದುಕೊಂಡರು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. “ತೆಳ್ಳಗಿರೋದು ಕೊಡಿ ಸಾರ್, ಹೊರೋಕೆ ಹಗುರ” ಎಂದು ಕೇಳುತ್ತಿದ್ದಳು ಬಾಳೆಹಣ್ಣಿನವಳು. ಆಸ್ಪತ್ರೆಯಿಂದ ಬಂದ ನಾದಿನಿ, ಅಕ್ಷರ ಬಾರದವಳು, ಕೊಟ್ಟದ್ದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ, ಹಾಗೆಯೇ ತಂದು ಒಪ್ಪಿಸುತ್ತಿದ್ದಳು. ಬಹಿರ್ದೆಸೆಗೆ ಹೋಗಲು ಒಬ್ಬಳು ಹೆಂಗಸು ಭೂಗೋಳದ ಪುಸ್ತಕ ಹೊರಬೇಕಾದ ಊರು ಅದು.

ಹೀಗಿರುವಾಗ ಲೈಬ್ರರಿಯ ಮೇಲಧಿಕಾರಿ ತಪಾಸಣೆಗೆ ಬಂದರು. ಹೆಂಗಸೇ. ಬಂದ ಕೂಡಲೇ ಹಿಂದಿನ ಗೇಟು ತೆಗೆಸಿ ಹಿತ್ತಲಿಗೆ ಹೋಗಿಬಂದರು. ಸದಸ್ಯರು ಹೆಚ್ಚಿದ್ದಾರೆ, ಅದರಲ್ಲೂ ದುಡಿಯುವ ಮಹಿಳೆಯರು, ಪುಸ್ತಕಗಳು ಇಷ್ಟೊಂದು ಓಡಾಡುತ್ತಿವೆ ಎಂದು ಕೇಳಿ ಅವರಿಗೆ ಖುಷಿಯೋ ಖುಷಿ. ಸೂಪರ್‌ವೈಸರ್ ಕೈ ಕಟ್ಟಿ ನಿಂತು, “ಎಲ್ಲ ನಮ್ಮ ಪ್ರಯತ್ನ ಮೇಡಂ” ಎಂದ. ಫೋಟೋ ತೆಗೆಸೋಣ ಎಂದಾಯಿತು. ಬೀದಿಯ ಹೆಂಗಸರನ್ನು ಕರೆಸಿ ಮೆಟ್ಟಿಲ ಮೇಲೆ ನಿಲ್ಲಿಸಿದರು, ಕೈಗೊಂದೊಂದು ಪುಸ್ತಕ ಕೊಟ್ಟರು. ನಾದಿನಿಯ ಕೈಯಲ್ಲಿ ಪುಸ್ತಕ ತಲೆಕೆಳಗಾಗಿತ್ತು. ಸೂಪರ್‌ವೈಸರ್ ಬಂದು ಅದನ್ನು ನೆಟ್ಟಗೆ ತಿರುಗಿಸಿ, “ಸ್ವಲ್ಪ ನಗು” ಎಂದ.

ಸೂಜಿಯಕ್ಕ ತನ್ನ ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟಳು.

“ಮೇಡಂ, ಒಂದು ಮಾತು. ನೀವು ಬಂದ ಕೂಡ್ಲೇ ಹಿಂದಿನ ಗೇಟು ತೆಗೆಸಿದ್ರಲ್ಲ, ಯಾವ ಪುಸ್ತಕ ತಗೊಂಡ್ರಿ?”

ಅಧಿಕಾರಿಗೆ ಅರ್ಥವಾಗಲಿಲ್ಲ. “ಏನು?”

“ನಾವು ಪುಸ್ತಕ ತಗೊಂಡ್ರೆ ಮಾತ್ರ ಅಲ್ಲಿಗೆ ಕೀಲಿ ಕೊಡೋದು. ಆ ಪುಸ್ತಕ ನಾವ್ಯಾರೂ ಓದಿಲ್ಲ. ಇವಳು ನನ್ನ ನಾದಿನಿ. ಬೀಗ ಬಿತ್ತು ಅಂತ ನೀರು ಕುಡಿಯೋದು ಬಿಟ್ಟು ಸಾಯೋ ಹಾಗಾಗಿದ್ಲು. ಈಗ ಇವಳು ನಗ್ಬೇಕಂತೆ.”

ಫೋಟೋದವನು ಕ್ಯಾಮೆರಾ ಇಳಿಸಿದ. ಅಧಿಕಾರಿಯ ಮುಖ ಕೆಂಪಾಯಿತು. ಸೂಪರ್‌ವೈಸರ್ ಏನೋ ಹೇಳಹೊರಟಾಗ ಕೈಯೆತ್ತಿ ತಡೆದರು. “ಬೀಗ ತೆಗೆಸಿ. ಬೋರ್ಡೂ” ಎಂದರು. ಕಾರಿನ ಹತ್ತಿರ ಹೋದವರು ನಿಂತು, “ಇದನ್ನ ಸ್ವಲ್ಪ ಮೆಲ್ಲಗೆ ಹೇಳ್ಬಹುದಿತ್ತಮ್ಮ” ಎಂದರು.

“ಮೆಲ್ಲಗೆ ಇದ್ದವಳು ಆಸ್ಪತ್ರೆಗೆ ಹೋದ್ಲು ಮೇಡಂ.”

ಬೀಗ ಹೋಯಿತು. ಪುಸ್ತಕ ತೆಗೆದುಕೊಳ್ಳುವುದೂ ನಿಂತಿತು. ಮುಂದಿನ ತಿಂಗಳು ಸೂಪರ್‌ವೈಸರ್ ಮೆಷಿನ್ ಹತ್ತಿರ ಬಂದು ನಿಂತ. ಪುಸ್ತಕ ಓಡಾಡುವ ಲೆಕ್ಕ ಒಮ್ಮೆಲೇ ಇಳಿದದ್ದಕ್ಕೆ ಮೇಲಿನವರು ಕಾರಣ ಕೇಳಿದ್ದರು. “ಕಾರ್ಡ್ ಇದೆಯಲ್ಲಮ್ಮ, ಬರ್ತಾ ಇರಿ” ಎಂದ. ದನಿ ಬೆಣ್ಣೆಯಾಗಿತ್ತು.

ಸೂಜಿಯಕ್ಕ ದಾರ ಕಡಿಯುತ್ತಿದ್ದಳು. ಅವಳ ಬಾಯಿ ಬಿಡುವಾಗುವ ಮೊದಲೇ ನಾದಿನಿ ಮಾತಾಡಿದಳು.

“ಬಂದ್ರೆ ಕೂರೋದೆಲ್ಲಿ ಸಾರ್? ಇರೋ ಕುರ್ಚಿಯೆಲ್ಲ ಆ ಗಂಡಸರದ್ದೇ. ಯಾರೂ ಏಳಲ್ಲ.”

ಸೂಜಿಯಕ್ಕ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಅವಳನ್ನು ನೋಡಿದಳು.

ಆ ವಾರವೇ ಕಿಟಕಿಯ ಕೆಳಗೆ ಒಂದು ಬೆಂಚು ಬಂತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಅಲ್ಲಿ ಕೂರುತ್ತಾರೆ. ಸೂಜಿಯಕ್ಕ ತರಕಾರಿ ಧಾರಣೆ ಓದಿ ಹೇಳಿದರೆ, “ಎಲ್ಲಿಯ ಸುಳ್ಳು, ಆ ರೇಟಿಗೆ ಯಾರು ಕೊಡ್ತಾರೆ?” ಎಂದು ನಾದಿನಿ ಪತ್ರಿಕೆಯವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮೇಷ್ಟ್ರು ತಮ್ಮ ಪಾಲಿನ ಪತ್ರಿಕೆಯನ್ನೂ ಅವರ ಕಡೆ ಸರಿಸುತ್ತಾರೆ. ನಾದಿನಿಯ ಸೊಂಟ ಪೂರ್ತಿ ಸರಿಹೋಗಿಲ್ಲ, ತಕ್ಕಡಿ ಎತ್ತುವಾಗ ಈಗಲೂ ಹಲ್ಲು ಕಚ್ಚುತ್ತಾಳೆ. ಗುಳಿಗೆ ನಡೆಯುತ್ತಲೇ ಇದೆ. ಸೂಪರ್‌ವೈಸರ್ ಬಾಗಿಲಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾನೆ. ನಾದಿನಿ ತಲೆಯಾಡಿಸುತ್ತಾಳೆ. ಸೂಜಿಯಕ್ಕ ಇವತ್ತಿಗೂ ತಿರುಗಿ ನಮಸ್ಕಾರ ಮಾಡಿಲ್ಲ.