ನವಮಿಯ ದಿನ ಕಿಸೆಯಲ್ಲಿಲ್ಲದ ಚಾಕು

ಶಹಾಪುರದಿಂದ ಯಾದಗಿರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತನಿಗೆ ಟೈಟಾನಿಯಂ ಹಿಡಿಕೆಯ ಮಡಚುವ ಚಾಕು ಯಾಕೆ ಬೇಕೆಂದು ಹೆಂಡತಿ ಕೇಳಿದಾಗ ನನ್ನ ಹತ್ತಿರ ಉತ್ತರ ಇತ್ತು. ಹೇಳಲಿಲ್ಲ. ಹೇಳಿದ್ದರೆ ಅವಳೂ ಹೆದರುತ್ತಿದ್ದಳು. ಮನೆಯಲ್ಲಿ ಹೆದರುವವನು ಒಬ್ಬ ಸಾಕು.

ಉತ್ತರ ಇಷ್ಟೇ. ಆ ಬೇಸಿಗೆಯಲ್ಲಿ ನಮ್ಮ ಕಚೇರಿಯ ಜವಾನನ ಹೆಂಡತಿ ಗಂಡನ ಬೈಕಿನ ಹಿಂದೆ ಕೂತು ಹೋಗುವಾಗ ಸೆರಗು ಗಾಲಿಗೆ ಸಿಕ್ಕಿ, ಕೊರಳು ಬಿಗಿದು ಸತ್ತಿದ್ದಳು. ಯಾರೋ ಹೊಲದಿಂದ ಕುಡಗೋಲು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಚೇರಿಯವರೆಲ್ಲ ಮಣ್ಣಿಗೆ ಹೋಗಿದ್ದೆವು. ಉಳಿದವರೆಲ್ಲ ಜವಾನನ ಹೆಗಲ ಮೇಲೆ ಕೈಯಿಟ್ಟರು. ನಾನು ನಿಂತಲ್ಲೇ ನನ್ನ ಕಿಸೆ ತಡವಿಕೊಂಡೆ. ಒಂದು ಪೆನ್ನು, ಬಸ್ ಪಾಸು, ಎರಡು ಅಸಿಡಿಟಿ ಗುಳಿಗೆ. ಇವುಗಳಿಂದ ಯಾರನ್ನೂ ಉಳಿಸಲಾಗದು.

ಅವತ್ತಿನಿಂದ ಮೂರು ತಿಂಗಳು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಚಾಕುಗಳನ್ನೇ ನೋಡಿದೆ. ಯಾವ ಉಕ್ಕು ತುಕ್ಕು ಹಿಡಿಯುವುದಿಲ್ಲ, ಯಾವ ಅಲಗು ಒಂದೇ ಕೈಯಲ್ಲಿ ತೆರೆಯುತ್ತದೆ, ಯಾವ ಲಾಕು ಒತ್ತಡಕ್ಕೆ ಬಿಟ್ಟುಕೊಂಡು ಬೆರಳನ್ನೇ ಕೊಯ್ಯುತ್ತದೆ, ಎಲ್ಲ ಬಾಯಿಪಾಠವಾಯಿತು. ಪಕ್ಕದಲ್ಲಿ ಕೂತವರು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಸುರಪುರದ ಒಬ್ಬ ಕಂಬಾರನ ಹತ್ತಿರವೂ ಹೋಗಿದ್ದೆ. ಒಂದೇ ದಿನದಲ್ಲಿ ಅಲಗು ಬಡಿದುಕೊಡುತ್ತೇನೆ, ಮಡಚುವುದು ಮಾತ್ರ ಆಗದು ಎಂದ. "ಚಾಕುಗ ಮಡಚೋ ಬುದ್ಧಿ ಯಾಕ್ರಿ? ಮಡಚಾಕ ಅದೇನು ಛತ್ರಿ ಏನ್ರಿ?"

ಶಹಾಪುರದ ಬಜಾರದಲ್ಲಿ ಕಬ್ಬಿಣ ಸಾಮಾನಿನ ಅಂಗಡಿಯವನು ಕಟ್ಟಿಗೆ ಹಿಡಿಕೆಯದೊಂದನ್ನು ಮುಂದಿಟ್ಟ.

"ಏನ್ ಕೊಯ್ಯಾವ್ರ ಇದ್ದೀರಿ ಸಾಹೇಬ್ರ?"

"ಹಂಗೇನಿಲ್ರಿ. ಯಾವಾಗರೆ ಬೇಕಾಗ್ತದ."

"ಯಾವಾಗರೆ ಅಂದ್ರ ಇದ ಸಾಕ್ರಿ. ಉಳ್ಳಾಗಡ್ಡಿನೂ ಕೊಯ್ತದ, ಮನಷ್ಯಾನ್ನೂ ಕೊಯ್ತದ."

ಅದಕ್ಕೆ ಲಾಕು ಇರಲಿಲ್ಲ. ಅವಸರದಲ್ಲಿ ನನ್ನ ಬೆರಳೇ ಹೋದರೆ? ಕೊನೆಗೆ ಹೈದರಾಬಾದಿನ ದೊಡ್ಡ ಅಂಗಡಿಯೊಂದಕ್ಕೆ ಹೋಗಿ ಎಂಟು ಚಾಕುಗಳನ್ನು ತೆರೆದು ಮುಚ್ಚಿ, ಒಂಬತ್ತನೆಯದನ್ನು ಆರಿಸಿದೆ. ಬೆಲೆ ಇಂದಿಗೂ ಹೆಂಡತಿಗೆ ಗೊತ್ತಿಲ್ಲ. ಅಂಗೈಗಿಂತ ಚಿಕ್ಕದು, ಬೂದು ಬಣ್ಣ, ತೆರೆದಾಗ ಬೀಗ ಬಿದ್ದಂತೆ ಒಂದು ಗಟ್ಟಿ ಸದ್ದು. ಹಳೆಯ ಸೀರೆಯ ತುಂಡನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿ ಕೊಯ್ದು ನೋಡಿದೆ. ಎರಡು ಎಣಿಸುವುದರೊಳಗೆ ತುಂಡಾಯಿತು. ಯಾದಗಿರಿ ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರು ಕಿಸೆ ನೋಡಿದರೆ ಏನು ಹೇಳುವುದೆಂಬ ಹೊಸ ಚಿಂತೆ ಹುಟ್ಟಿತು. ಆದರೂ ಒಂದು ದಿನ ಬಿಡದೆ ಇಟ್ಟುಕೊಂಡು ತಿರುಗಿದೆ. ಪೇರಲಹಣ್ಣು ಕೊಯ್ದೆ, ಕಚೇರಿಯ ಕಡತದ ಗಂಟುಗಳನ್ನು ಕೊಯ್ದೆ.

ಆಮೇಲೆ ಮಹಾನವಮಿ ಬಂತು. ಅವತ್ತು ನಮ್ಮಲ್ಲಿ ಖಂಡೆಪೂಜೆ. ಮನೆಯಲ್ಲಿ ಹರಿತವಾದದ್ದು ಏನಿದೆಯೋ ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ ದೇವರ ಮುಂದೆ ಮಲಗಿಸುತ್ತೇವೆ. ಮರುದಿನ ಸಂಜೆ ಬನ್ನಿ ಮುಡಿಯುವವರೆಗೆ ಅವನ್ನು ಮುಟ್ಟುವಂತಿಲ್ಲ. ಕಾಯಿಪಲ್ಲೆಯನ್ನು ಸಹ ಪೂಜೆಗೆ ಮೊದಲೇ ಹೆಚ್ಚಿಟ್ಟುಕೊಳ್ಳುತ್ತಾರೆ.

ಕೊಂಕಲ್‌ಗೆ ಕೊಟ್ಟ ಅಕ್ಕ ತನ್ನ ಮನೆಯ ಪೂಜೆ ನಸುಕಿನಲ್ಲೇ ಮುಗಿಸಿ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದಳು. ನನಗಿಂತ ಐದು ವರ್ಷ ದೊಡ್ಡವಳು. ಅವಳು ಕಾಲುವೆಯ ಆ ದಂಡೆಯಿಂದ ಕೂಗಿದರೆ ಈ ದಂಡೆಯ ಎಮ್ಮೆ ಮೇಯುವುದು ಬಿಟ್ಟು ತಿರುಗಿ ನೋಡುತ್ತಿತ್ತು. ಆ ದನಿಯಲ್ಲೇ ನಮ್ಮ ಮನೆಯ ಪೂಜೆಯ ಉಸ್ತುವಾರಿ ನಡೆಸಿದಳು. ಈಳಿಗೆ, ಕೊಡಲಿ, ಕತ್ತರಿ ಎಲ್ಲ ಸಾಲಾಗಿ ಮಲಗಿದವು.

"ಏ ತಮ್ಮಾ, ನಿನ್ನ ಫಾರಿನ್ ಚಾಕು ಎಲ್ಲದ? ತಗೀ ಕಿಸೇದಾಗಿಂದ."

"ಅದು ಇರ್ಲಿ ಬಿಡಕ್ಕ."

"ಇರ್ಲಿ ಅಂದ್ರ? ಅದೇನು ಆಯುಧ ಅಲ್ಲೇನು? ಪೂಜಿ ಕಾಣದ ಆಯುಧ ಮನೀ ಮಂದಿನ್ನ ಕೊಯ್ತದ."

ತೆಗೆದುಕೊಟ್ಟೆ. ಕೊಡಲಿಯ ಪಕ್ಕದಲ್ಲಿ ಅದು ಶ್ರೀಮಂತರ ಮನೆಯ ಕೂಸಿನಂತೆ ಕಾಣುತ್ತಿತ್ತು. ನನ್ನ ಬೈಕಿಗೂ ಪೂಜೆಯಾಯಿತು, ಗಾಲಿ ನಿಂಬೆಹಣ್ಣು ತುಳಿಯಿತು. ಊಟವಾದ ಮೇಲೆ ಎಮ್ಮೆ ಹಿಂಡುವ ಹೊತ್ತಿಗೆ ಊರು ಸೇರಬೇಕೆಂದು ಅಕ್ಕ ಎದ್ದಳು. ಅವಳನ್ನು ಗಾಡಿಯ ಮೇಲೆ ಬಿಟ್ಟುಬರಲು ಹೊರಟವನು, ರೂಢಿಯಂತೆ ಚಾಕುವಿಗೆ ಕೈ ಹಾಕಿದೆ.

"ಎತ್ತಬ್ಯಾಡ! ನಾಳಿ ಬನ್ನಿ ಮುಡಿಯೂಮಟ ಮುಟ್ಟಬಾರದು."

"ಗಾಡಿಗೂ ಪೂಜಿ ಮಾಡೇವಿ. ಅದನ್ನ ಹೊಡ್ಕೊಂಡು ಹೊಂಟಿಲ್ಲೇನು?"

"ಗಾಡಿ ನಿಂಬಿಹಣ್ಣು ತುಳದದ. ಅದರ ಮಾತೇ ಬ್ಯಾರೆ. ನಡಿ ಸುಮ್ಮ."

ಯಾಕೆ ಬೇಕೆಂದು ಆಗ ಹೇಳಬಹುದಿತ್ತು. ಹಬ್ಬದ ದಿನ ಸಾವಿನ ಸುದ್ದಿ ಯಾಕೆಂದು ಬಿಟ್ಟೆ.

ಕಾಲುವೆಯ ಪಕ್ಕದ ರಸ್ತೆ ಹಿಡಿದೆವು. ಧೂಳಿಗೆ ಅಂಜಿ ಅಕ್ಕ ತಲೆಯ ಮೇಲಿನ ಸೆರಗನ್ನು ಕೊರಳಿಗೆ ಒಂದು ಸುತ್ತು ಸುತ್ತಿಕೊಂಡಿದ್ದಳಂತೆ. ನಾನು ನೋಡಿರಲಿಲ್ಲ. ಗಾಡಿಯ ಎಡಕ್ಕೆ ಸೀರೆ ಸಿಗದಂತೆ ಕಬ್ಬಿಣದ ಜಾಳಿಗೆ ಇತ್ತು. ಅದನ್ನು ತಿಂಗಳಿಗೊಮ್ಮೆ ಅಲ್ಲಾಡಿಸಿ ನೋಡುತ್ತಿದ್ದೆ. ಸೆರಗು ಬಲಕ್ಕೆ ಹಾರಿತು.

ಹಿಂದಿನಿಂದ ಯಾರೋ ಎಳೆದಂತಾಯಿತು. ಇಬ್ಬರೂ ಬಿದ್ದೆವು. ಎದ್ದು ನೋಡಿದರೆ ಅಕ್ಕನ ತಲೆ ಹಿಂದಿನ ಗಾಲಿಗೆ ಅಂಟಿಕೊಂಡಿತ್ತು. ಬಟ್ಟೆ ಮತ್ತು ಕೊರಳಿನ ನಡುವೆ ಅವಳು ಎರಡು ಬೆರಳು ತುರುಕಿದ್ದಳು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳ ಬಾಯಿ ತೆರೆದೂ ಸದ್ದು ಬರಲಿಲ್ಲ. ನನ್ನ ಕೈ ಕಿಸೆಗೆ ಹೋಯಿತು. ಬರಿಗೈಯಲ್ಲಿ ಬಂತು. ಮತ್ತೆ ಹೋಯಿತು.

ಸೆರಗನ್ನು ಎಳೆದೆ, ಹಲ್ಲಿನಿಂದ ಕಚ್ಚಿದೆ. ಪಂಚಮಿಗೆ ನಾನೇ ಕೊಡಿಸಿದ ಇಳಕಲ್ ಸೀರೆ, ಅಸಲಿ ರೇಷ್ಮೆ ಸೆರಗು. ಒಂದು ಎಳೆಯೂ ಹರಿಯಲಿಲ್ಲ. ಸಾಮಾನು ಆರಿಸುವುದರಲ್ಲಿ ನಾನು ಎಂದೂ ತಪ್ಪಿದವನಲ್ಲ.

ಒಂದು ಟ್ರ್ಯಾಕ್ಟರ್ ನಿಂತಿತು. "ಕುಡಗೋಲು ಅದ ಏನ್ರೋ? ಚಾಕು?" ಎಂದು ಕಿರುಚಿದೆ.

"ಇವತ್ತ ಖಂಡೆಪೂಜಿ ಅಲ್ರೀ. ಮನ್ಯಾಗ ಪೂಜಿಗಿ ಇಟ್ಟೇವಿ."

ಗದ್ದೆಯ ಬದುವಿನಿಂದ ಓಡಿಬಂದವನೂ ಅದನ್ನೇ ಹೇಳಿದ. ಉಳಿದ ದಿನ ಆ ರಸ್ತೆಯಲ್ಲಿ ಸೊಂಟಕ್ಕೆ ಕುಡಗೋಲು ಸಿಕ್ಕಿಸದೆ ಹೆಣ್ಣಾಳೊಬ್ಬಳೂ ನಡೆಯುವುದಿಲ್ಲ. ಅವತ್ತು ಇಡೀ ತಾಲೂಕಿನ ಅಲಗುಗಳು ಕುಂಕುಮ ಹಚ್ಚಿಕೊಂಡು ಮಲಗಿದ್ದವು. ನಾಲ್ಕು ಜನ ಗಂಡಸರು ಸೇರಿ ಎಳೆಯತೊಡಗಿದೆವು. ಅಕ್ಕನ ಕಣ್ಣುಗಳು ಮೇಲಾದವು.

ಟ್ರ್ಯಾಕ್ಟರಿನಿಂದ ಒಬ್ಬ ಮುದುಕಿ ಇಳಿದು ಬಂದವಳೇ ನನ್ನ ಬೆನ್ನಿಗೆ ಗುದ್ದಿದಳು.

"ಎಳೀಬ್ಯಾಡೋ ಹುಚ್ಚ ಮೂಳಾ! ಎಳದಷ್ಟೂ ಬಿಗೀತದ. ಗಾಲಿ ಹಿಂದಕ್ಕ ತಿರುವು!"

ಗಾಲಿ ತಿರುಗಲಿಲ್ಲ. ಗಾಡಿ ಇನ್ನೂ ಗೇರಿನಲ್ಲಿತ್ತು. ಟ್ರ್ಯಾಕ್ಟರಿನವನು ಅದನ್ನು ತಪ್ಪಿಸಿದ. ಮುದುಕಿ ಎರಡೂ ಕೈಯಿಂದ ಗಾಲಿಯನ್ನು ಹಿಂದಕ್ಕೆ ತಿರುಗಿಸಿದಳು, ಬೀಸುವ ಕಲ್ಲು ತಿರುವಿದಂತೆ. ಸೆರಗು ಹೋದ ದಾರಿಯಲ್ಲೇ ಹೊರಗೆ ಬಂತು. ಅಕ್ಕ ಉಸಿರು ಎಳೆದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಜೀವ ಉಳಿಯಿತು. ದವಾಖಾನೆಯಿಂದ ಬಂದ ಮೇಲೂ ಎರಡು ತಿಂಗಳು ಗಂಜಿಯ ಮೇಲಿದ್ದಳು. ದನಿಪೆಟ್ಟಿಗೆಗೆ ಪೆಟ್ಟಾಗಿದೆ, ಕಾದು ನೋಡೋಣ ಎಂದರು ಡಾಕ್ಟರು. ಕಾದೆವು, ಹಳೆಯ ದನಿ ಬರಲಿಲ್ಲ. ಈಗ ಅವಳ ಮಾತು ಕಬ್ಬಿನ ಒಣ ರವದಿ ಉಜ್ಜಿದಂತೆ ಕೇಳುತ್ತದೆ. ಎಮ್ಮೆಯನ್ನು ಕರೆಯಲು ದಂಡೆಯ ಮೇಲೆ ನಿಂತು ತಂಬಿಗೆ ಬಡಿಯುತ್ತಾಳಂತೆ.

ಚಾಕು ಇದ್ದಿದ್ದರೆ ಎರಡು ಎಣಿಸುವುದರೊಳಗೆ ಕೊಯ್ಯುತ್ತಿದ್ದೆ. ಆದರೆ ಮೂರು ತಿಂಗಳು ಉಕ್ಕಿನ ಜಾತಿ ಓದಿದವನಿಗೆ ಗಾಲಿ ಹಿಂದಕ್ಕೂ ತಿರುಗುತ್ತದೆ ಎಂಬುದು ಹೊಳೆಯಲಿಲ್ಲ. ಆ ಎರಡರಲ್ಲಿ ಯಾವುದು ಅವಳ ದನಿಯನ್ನು ತಿಂದಿತೆಂದು ಈಗಲೂ ಬಸ್ಸಿನಲ್ಲಿ ಕೂತು ಯೋಚಿಸುತ್ತೇನೆ. ಚಾಕು ಎತ್ತಬೇಡವೆಂದ ಮಾತನ್ನು ಅವಳು ಎಂದೂ ಎತ್ತಿಲ್ಲ. ಕೇಳುವ ಧೈರ್ಯ ನನಗೂ ಇಲ್ಲ.

ಈ ವರ್ಷ ನವಮಿಗೆ ಅಕ್ಕ ಬಸ್ಸಿನಲ್ಲಿ ಬಂದಳು. ಈಳಿಗೆ, ಕೊಡಲಿ, ಕತ್ತರಿ ಮಲಗಿದವು. ನಾನು ಕಿಸೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವಳು ಕರೆಯಲಿಲ್ಲ, ಕೈ ಚಾಚಿದಳು. ಕೊಟ್ಟೆ. ಅಲಗು ತೆರೆದು ವಿಭೂತಿ ಎಳೆದು, ಕುಂಕುಮ ಹಚ್ಚಿ, ಒಂದು ಗಳಿಗೆ ದೇವರಿಗೆ ತೋರಿಸಿದಳು. ತೆರೆದ ಅಲಗನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲದ ಮೇಲಿಟ್ಟು ನನ್ನ ಕಡೆ ಸರಿಸಿದಳು.

"ಇಟ್ಗೊ" ಎಂದಳು. ಅಷ್ಟು ಹತ್ತಿರ ಕೂತಿದ್ದರೂ ಅವಳ ತುಟಿ ನೋಡಿಯೇ ತಿಳಿದುಕೊಂಡೆ.