ಅಣ್ಣನ ಕಾಮಾಲೆಯ ಒಂಬತ್ತು ಬಟ್ಟೆಚೂರು

ನಮ್ಮ ಮನೆಗೆ ಕರೆಂಟು ಬಂದ ವರ್ಷ, ಶ್ರಾವಣದ ಎರಡನೆಯ ಸೋಮವಾರ, ಅಣ್ಣನ ಕಣ್ಣು ಹಳದಿಯಾಗಿರುವುದನ್ನು ಮೊದಲು ನೋಡಿದವಳು ನಾನು. ಬಲ್ಬಿನ ಬೆಳಕಿರಬೇಕು ಎಂದಳು ಅಮ್ಮ. ಅಂಗಳಕ್ಕೆ ಕರೆತಂದು ನೋಡಿದರೂ ಹಳದಿಯೇ. ತಿಪಟೂರಿನ ಡಾಕ್ಟರು ಕಾಮಾಲೆ ಎಂದರು. ಲಿವರ್‌ಗೆ ಪೆಟ್ಟಾಗಿದೆ, ಎಣ್ಣೆ ಕೊಬ್ಬರಿ ಬೇಡ, ಮಲಗಿರಲಿ, ಎರಡು ವಾರ ಬಿಟ್ಟು ರಕ್ತ ಪರೀಕ್ಷೆಗೆ ಬನ್ನಿ ಎಂದರು. ಅದರ ಜೊತೆಗೆ ಊರಿನ ಮದ್ದಿನ ಅಜ್ಜಿ ದಿನಾ ಬೆಳಿಗ್ಗೆ ನೆಲನೆಲ್ಲಿ ಗಿಡವನ್ನು ಬೇರುಸಮೇತ ಅರೆದು ಮೇಕೆ ಹಾಲಿನಲ್ಲಿ ಕುಡಿಸುತ್ತಿದ್ದಳು.

ಅಪ್ಪನಿಗೆ ಎರಡರ ಮೇಲೂ ನಂಬಿಕೆ ಬರಲಿಲ್ಲ.

"ಮುಂದಿನ ಬುಧವಾರದೊಳಗೆ ಇಳೀಲಿಲ್ಲ ಅಂದ್ರೆ ಬರೆ ಹಾಕ್ಸೋದೇ ಕಣೇ," ಎಂದು ಅಮ್ಮನಿಗೆ ಹೇಳಿಬಿಟ್ಟರು. ಕಾದ ಕಬ್ಬಿಣದಲ್ಲಿ ತೋಳು ಸುಟ್ಟು ಕಾಮಾಲೆ ಇಳಿಸುತ್ತೇನೆನ್ನುವವನೊಬ್ಬ ಪಕ್ಕದೂರಿನಲ್ಲಿದ್ದ.

ಇಳಿಯುತ್ತಿದೆಯೇ ಎಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹಾಗಾಗಿ ನಾನು ಹಳೇ ಬಿಳಿ ಪಂಚೆಯೊಂದನ್ನು ಒಂದೇ ಅಳತೆಯ ಚೂರುಗಳಾಗಿ ಕತ್ತರಿಸಿದೆ. ಮಂಗಳವಾರದಿಂದ ದಿನಕ್ಕೊಂದನ್ನು ಅಣ್ಣನ ಮೂತ್ರದಲ್ಲಿ ಅದ್ದಿ, ಒಣಗಿಸಿ, ತಾರೀಖು ಬರೆದು ಡೈರಿಗೆ ಗುಂಡುಸೂಜಿಯಿಂದ ಚುಚ್ಚಿದೆ.

"ನನ್ ಮದ್ವೆ ದಿನ ಈ ಡೈರಿ ತೆಗೀಬೇಡ ಕಣೇ," ಎಂದ ಅಣ್ಣ.

ಮೊದಲನೆಯ ಚೂರು ಅರಿಶಿನದಲ್ಲಿ ಅದ್ದಿದಂತಿತ್ತು. ಏಳನೆಯದು ನಿಂಬೆ ಸಿಪ್ಪೆಯಷ್ಟು ತೆಳು ಬಣ್ಣ. ಎಂಟನೆಯದು, ಗಡುವಿಗೆ ಒಂದೇ ದಿನ ಉಳಿದಾಗ, ಮತ್ತೆ ಗಾಢವಾಯಿತು. ಅದನ್ನು ಒಲೆಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತೂ ಇದ್ದೆ. ಕೊನೆಗೆ ಡೈರಿ ಎತ್ತಿಕೊಂಡು ಅಜ್ಜಿಯ ಬಳಿ ಓಡಿದೆ.

"ಯಾವೊತ್ನಲ್ಲಿ ಅದ್ದಿದ್ಯವ್ವ?"

"ದಿನಾ ಕಾಲೇಜಿಂದ ಬಂದ್ಮೇಲೆ, ಸಂಜೆ. ಭಾನುವಾರಾನೂ ಸಂಜೇನೇ. ಇವತ್ತು ರಜ ಅಜ್ಜಿ, ಅವ್ನು ಎದ್ದ ತಕ್ಷಣ ಅದ್ದಿದೆ."

"ರಾತ್ರಿಯೆಲ್ಲ ನೀರು ಕುಡೀದೆ ಮಲ್ಗಿದ್ದೋನ್ದು ಇನ್ನೆಂಗಿರ್ತದೆ? ಬೆಳಿಗ್ಗೆ ನಂದೂ ಅದ್ದು, ನಂಗೂ ಕಾಮಾಲೆ ಅಂತ ಬರ್ಕೊಂಬುಡ್ತೀಯ!"

ಬುಧವಾರ ಸಂಜೆ ಒಂಬತ್ತನೆಯದನ್ನು ಅದ್ದಿದೆ. ಒಣಗಿದಾಗ ಬಣ್ಣ ಹುಡುಕಬೇಕಾಗಿತ್ತು. ಅಪ್ಪ ಅಂಗಿ ತೊಟ್ಟು ಪಕ್ಕದೂರಿಗೆ ಹೊರಟು ನಿಂತಿದ್ದರು. ಡೈರಿ ಕೈಗಿಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು.

"ನಿನ್ನೇದು ಯಾಕಿಂಗೆ?"

"ನಾನು ಹೊತ್ತು ತಪ್ಪಿಸ್ದೆ ಅಪ್ಪ. ಅದು ಲೆಕ್ಕಕ್ಕಿಲ್ಲ. ಆದ್ರೂ ಕಿತ್ತಿಲ್ಲ."

ಅಪ್ಪ ಇನ್ನೊಮ್ಮೆ ಮೊದಲಿನಿಂದ ನೋಡಿದರು. "ತಪ್ಪಿದ್ದನ್ನೂ ಮಡಗಿದೀಯಲ್ಲ, ಮಿಕ್ಕಿದ್ದು ನಂಬ್ತೀನಿ ಬುಡು," ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

ಎರಡು ವಾರ ಕಳೆದ ಮೇಲೆ ರಕ್ತ ಪರೀಕ್ಷೆಯಲ್ಲೂ ಇಳಿದಿತ್ತು. ನೆಲನೆಲ್ಲಿಯಿಂದಲೇ ಇಳಿಯಿತೇ ಎಂದು ಡಾಕ್ಟರನ್ನು ಕೇಳಿದೆ.

"ಈ ಕಾಮಾಲೆ ಸುಮಾರು ಜನಕ್ಕೆ ವಿಶ್ರಾಂತಿಯಲ್ಲೇ ಇಳಿಯುತ್ತಮ್ಮ. ಗಿಡದಲ್ಲಿ ಲಿವರ್ ಕಾಪಾಡೋ ಸತ್ವ ಇದ್ದರೂ ಇರಬಹುದು, ಹುಡುಕ್ತಾ ಇದ್ದಾರೆ. ಒಬ್ಬ ಅಣ್ಣನಿಂದ ಗೊತ್ತಾಗಲ್ಲ."

ಡೈರಿಯಲ್ಲಿ 'ಮದ್ದಿನ ಗುಣ' ಎಂದು ಬರೆದು ಮುಂದಿನ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಅಣ್ಣ ಅಟ್ಟದಿಂದ ಕಾಯಿ ಇಳಿಸುತ್ತಾ ಹಾಡುತ್ತಿದ್ದಾನೆ.