ಮುಚ್ಚದೆ ಬಿಟ್ಟ ಗುಳಿ

ಗುಂಡ್ಲುಪೇಟೆ ಸುತ್ತಿನಲ್ಲಿ ಬೇಲಿಗೆ ಕಲ್ಲುಕಂಬ ನೆಡುವವರು ಬೇಕಾದಷ್ಟು ಜನ. ಚಿಕ್ಕಬೀರಯ್ಯನಷ್ಟು ನೆಟ್ಟಗೆ ನಿಲ್ಲಿಸುವವರು ಇಲ್ಲ, ಅವನಷ್ಟು ಸೊಟ್ಟಗೆ ಮಾತಾಡುವವರೂ ಇಲ್ಲ. ನಾನು ಶಾಂತರಾಜು, ಅವನು ನೆಟ್ಟ ಕಂಬಕ್ಕೆ ತಂತಿ ಬಿಗಿಯುವವನು. ಕೂಲಿಗಿಂತ ಅವನ ಬೈಗುಳವೇ ನನ್ನ ಹೊಟ್ಟೆ ತುಂಬಿಸಿದೆ.

ಅವನು ಹಾರೆಯಿಂದ ಗುಳಿ ತೋಡುತ್ತಾನೆ. ಗುಳಿ ಅಗಲವಾದರೆ ಕಂಬ ಅಲ್ಲಾಡುತ್ತದೆಂದು ಬಾಯಿ ಕಿರಿದು, ಆಳ ಹೆಚ್ಚು. ಒಳಗೆ ಗುದ್ದಲಿ ಆಡುವುದಿಲ್ಲ. ಹಾಗಾಗಿ ಹೆಂಡತಿ ಚಿಕ್ಕಮಲ್ಲಮ್ಮ ಬೋರಲು ಮಲಗಿ, ತೋಳು ಪೂರ್ತಿ ಒಳಗೆ ಬಿಟ್ಟು, ತೆಂಗಿನ ಚಿಪ್ಪಿನಲ್ಲಿ ಮಣ್ಣು ಬಾಚಿ ತೆಗೆಯುತ್ತಾಳೆ. ಸಂಜೆ ಕೆಲಸ ನಿಲ್ಲಿಸಿದಾಗ ಖಾಲಿ ಗುಳಿಗಳ ಮೇಲೆ ಕಲ್ಲು ಎಳೆದು ಮುಚ್ಚಿ ಹೋಗುವುದೂ ಅವಳದೇ ಪದ್ಧತಿ.

ಹೋದ ವರ್ಷ ನಮ್ಮ ತಾಲ್ಲೂಕಿನದೇ ಮದ್ದೂರಿನ ಕಡೆ, ಕಾಡಿಗೆ ಅಂಟಿಕೊಂಡ ಒಂದು ಈರುಳ್ಳಿ ಹೊಲಕ್ಕೆ ಹಂದಿ ಕಾಟವೆಂದು ಬೇಲಿ ಹಾಕುತ್ತಿದ್ದೆವು. ಆ ಸಂಜೆ ಅವಳು ಕಲ್ಲು ಹುಡುಕತೊಡಗಿದಾಗ ಇವನು ರೇಗಿದ.

"ನಡಿಯಮ್ಮಿ, ಬಸ್ ಓಯ್ತದ. ಒಂದಿನ ಮುಚ್ನಿಲ್ಲ ಅಂದ್ರ ಏನಾಯ್ತದ?"

"ಕಾಡು ಪಕ್ಕದಲ್ಲೇ ಅದ, ಮುಚ್ಬುಟ್ಟು ಓಗನ."

"ನಡಿ ಅಂದ್ನಲ್ಲ!"

ಬಸ್ಸು ಸಿಕ್ಕಿತು. ಗುಳಿಗಳು ಬಾಯಿ ತೆರೆದುಕೊಂಡೇ ಉಳಿದವು.

ಬೆಳಿಗ್ಗೆ ಗುಳಿಗಳಿಗೆ ಅಂಚಿನ ಮಣ್ಣು, ತರಗೆಲೆ ಬಿದ್ದಿತ್ತು. ಚಿಕ್ಕಮಲ್ಲಮ್ಮ ಎಂದಿನಂತೆ ಮಲಗಿ ಕೈ ಇಳಿಸಿದಳು. ಮರುಕ್ಷಣ ಕುಕ್ಕರ್ ಉಗಿ ಬಿಟ್ಟಂಥ ಸದ್ದು. ಕೊಳಕುಮಂಡಲ ಹಾವು! ರಾತ್ರಿ ಹರಿದಾಡುತ್ತಾ ಗುಳಿಗೆ ಬಿದ್ದು, ಹತ್ತಲಾಗದೆ ಅಲ್ಲೇ ಸುರುಳಿ ಸುತ್ತಿತ್ತು. ಅವಳು ಕಿರುಚಲಿಲ್ಲ. ಕೈಯಲ್ಲಿದ್ದ ಚಿಪ್ಪನ್ನು ಅದರ ತಲೆಯ ಮೇಲೆ ಬೋರಲು ಹಾಕಿ ಒತ್ತಿಬಿಟ್ಟಿದ್ದಳು.

"ತಲ ಚಿಪ್ನೊಳಗದ," ಅಂದಳು. "ಬಳ ಕಲ್ಗ ಸಿಕ್ಕಂಡದ. ಕೈ ಎಳ್ಯಕಾಗಲ್ಲ."

ಹಾರೆಯಿಂದ ಒತ್ತೋಣವೆಂದರೆ ಗುಂಡು ಚಿಪ್ಪಿನ ಮೇಲೆ ಅದು ಜಾರುತ್ತದೆ. ಅವಳ ಭುಜ ಆಗಲೇ ನಡುಗುತ್ತಿತ್ತು.

ಚಿಕ್ಕಬೀರಯ್ಯ ಅವಳ ಎದುರಿಗೆ ಬೋರಲು ಮಲಗಿದ. ತನ್ನ ತೋಳನ್ನೂ ಅದೇ ಗುಳಿಗೆ ಇಳಿಸಿದ.

"ನೀ ಕೈ ಹಾಕ್ಬ್ಯಾಡ. ಇಬ್ರೂ ಓದ್ರ ಮಕ್ಳ್ ಗತಿ ಏನು?"

"ಚಿಪ್ಪು ನಂಗ ಸಿಕ್ತು. ಬುಡಮ್ಮಿ."

"ಬುಡಲ್ಲ."

"ನಿನ್ ಕಾಲಿಗ್ ಬೀಳ್ತೀನಿ, ಬುಡು."

ಅವಳು ಬಿಟ್ಟಳು. ಬಳೆ ಒಂದೊಂದಾಗಿ ಬಿಡಿಸಿಕೊಂಡು ಕೈ ಮೇಲೆ ತರುವಷ್ಟರಲ್ಲಿ ನನಗೆ ಒಂದು ಯುಗ ಕಳೆದಂತಾಯಿತು. ಒಳಗೆ ಹಾವು ಅವನ ಮಣಿಕಟ್ಟಿಗೆ ಮೈ ಸುತ್ತಿ ಬಿಗಿಯುತ್ತಿತ್ತು.

"ಶಾಂತ, ಇವ್ಳ ಅತ್ಲಾಗ್ ಎಳ್ಕಳ್ಲಾ."

ಎಳೆದುಕೊಂಡೆ. ಅವನು ಹಲ್ಲು ಕಚ್ಚಿ ಕೈಯನ್ನು ಒಂದೇ ಏಟಿಗೆ ಮೇಲಕ್ಕೆ ಕಿತ್ತು ಹಿಂದಕ್ಕೆ ಉರುಳಿದ. ಸುತ್ತು ಜಾರಿ ಹಾವು ಒಳಗೇ ಉಳಿಯಿತು; ಅದರ ಏಟು ಟಕ್ಕೆಂದು ಚಿಪ್ಪಿಗೆ ಬಿತ್ತು.

ಚಿಕ್ಕಮಲ್ಲಮ್ಮ ನನ್ನನ್ನು ತಳ್ಳಿ ಓಡಿದಳು. ಅವನ ಕೈ ಹಿಡಿದು, ಉಗುಳು ಹಚ್ಚಿ ಮಣ್ಣು ಒರೆಸಿ, ಬೆರಳು ಬೆರಳನ್ನೂ ತಿರುಗಿಸಿ ನೋಡಿದಳು. ಹಲ್ಲಿನ ಗುರುತು ಎಲ್ಲೂ ಇರಲಿಲ್ಲ.

"ಮುಚ್ಚನ ಅಂದ್ನಲ್ಲ ನೆನ್ನ," ಅಂದಳು.

ಈಗ ಬಸ್ಸನ್ನು ಬೈಯುತ್ತಾನೆ, ಇಲ್ಲವೇ ಹಾವನ್ನು ಬೈಯುತ್ತಾನೆ ಅಂದುಕೊಂಡೆ. ಅವನು ತಲೆ ತಗ್ಗಿಸಿದ.

"ನೀ ಅಂದಿದ್ದ. ನಾನೇ ಕೇಳ್ನಿಲ್ಲ. ನಂದೇ ತಪ್ಪು ಕಣಮ್ಮಿ."

ಅಷ್ಟು ಹೊತ್ತು ಹಾವಿನ ತಲೆ ಒತ್ತಿ ಹಿಡಿದಾಗ ಒಂದು ಹನಿ ಕಣ್ಣೀರು ಹಾಕದವಳು, ಆಗ ಅವನ ಕೈಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು.